ಮೊದಲ ಗುಟುಕು

ಆ ವರ್ಷದ ಕಾಲರಾ ವಿಷಯ ಎತ್ತಿದರೆ ಸಾಕು, ನಮ್ಮ ಕೇರಿಯಲ್ಲಿ ಈಗಲೂ ಜಗಳ ಶುರುವಾಗುತ್ತೆ. ಕೇರಿಯನ್ನ ಉಳಿಸಿದ್ದು ರಷ್ಯಾದ ಡಾಕ್ಟರಮ್ಮ ಅಂತ ಅರ್ಧ ಜನ, ಅಲ್ಲ, ನೊರ್ಮತ್ ಹಕೀಮರು ಅಂತ ಇನ್ನರ್ಧ ಜನ. ಆದರೆ ಆ ಡಾಕ್ಟರಮ್ಮನ ಜೀವಕ್ಕೇ ಕುತ್ತು ತಂದವರು ಯಾರು ಅಂತ ಕೇಳಿ ನೋಡಿ, ಒಬ್ಬರೂ ಬಾಯಿ ಬಿಡೋದಿಲ್ಲ. ನಾನೇ ಹೇಳಿಬಿಡ್ತೀನಿ. ತಂದವಳು ನಾನು, ತೋಜಿನಿಸಾ, ತಾಷ್ಕೆಂಟಿನಾಚೆ ಮರ್ಗಿಲಾನ್ ಊರಿನ ರೇಷ್ಮೆ ಕೇರಿಯ ಸೂಲಗಿತ್ತಿ.

ಆ ಕೇರಿಯ ಅರ್ಧ ಜನರ ಹೊಕ್ಕಳಬಳ್ಳಿ ಕತ್ತರಿಸಿದ ಕೈ ಇದು. ಹಾಗಾಗಿ ಯಾರ ಮನೆಯ ಒಳಕೋಣೆಗೆ ಬೇಕಾದರೂ ಹೇಳದೆ ಕೇಳದೆ ನುಗ್ಗುವ ಹಕ್ಕು ನನಗಿತ್ತು. ಮಿಕ್ಕ ಕಾಯಿಲೆಗಳೆಲ್ಲ ನೊರ್ಮತ್ ಹಕೀಮರ ಪಾಲು. ಬೆಳ್ಳನೆಯ ಉದ್ದ ಗಡ್ಡ, ಅದಕ್ಕೆ ದಿನಕ್ಕೆ ಮೂರು ಸಲ ಬಾಚಣಿಗೆ. ಪರದೆಯ ಆಚೆ ಕೂತು, ಹೆಂಗಸಿನ ಕೈಯೊಂದನ್ನೇ ತಮ್ಮ ಕಡೆ ಎಳೆದುಕೊಂಡು ನಾಡಿ ಹಿಡಿದು, "ಶೀತ ಜಾಸ್ತಿಯಾಗಿದೆ" ಅಂತ ಗಂಭೀರವಾಗಿ ಹೇಳೋರು. ನಾನು ಒಳಗಿನಿಂದ, "ಶೀತ ಅಲ್ಲ ಬಾಬಾ, ಮೂರು ತಿಂಗಳು" ಅಂದೆ ಒಂದು ಸಲ. ಮನೆಯವರೆಲ್ಲ ಕೇಳಿಸಿಕೊಂಡು ನಕ್ಕರು. ಅವತ್ತಿಂದ ಹನ್ನೆರಡು ವರ್ಷ ಹಕೀಮರು ನನ್ನ ಹತ್ತಿರ ಮಾತು ಬಿಟ್ಟಿದ್ದರು.

ಗೂಡು ಬೇಯಿಸಿ ನೂಲು ತೆಗೆಯುವ ಕಾಲದಲ್ಲಿ ಕಾಲರಾ ಬಂತು. ಬೆಳಿಗ್ಗೆ ಮಗ್ಗಕ್ಕೆ ಕೂತವನು ಇಳಿಹೊತ್ತಿನ ಅಸರ್ ನಮಾಜಿಗೆ ಹೆಣ. ಮೊದಲ ವಾರವೇ ಒಂಬತ್ತು ಜನ ಹೋದರು. ಅದರ ಮೇಲೆ ಇನ್ನೊಂದು ಸುದ್ದಿ ಬೇರೆ. ನಮ್ಮನ್ನಾಳೋ ರಷ್ಯಾದವರು ಊರಾಚೆ ಒಂದು ಕೊಟ್ಟಿಗೆ ಕಟ್ಟಿದ್ದಾರಂತೆ, ಬೇನೆ ಬಿದ್ದವರನ್ನ ಎಳೆದುಕೊಂಡು ಹೋಗಿ ಅಲ್ಲಿ ಹಾಕ್ತಾರಂತೆ, ಸತ್ತರೆ ಮೈ ಕೂಡ ತೊಳೆಯದೆ ಸುಣ್ಣ ಸುರಿದು ಮುಚ್ಚಿಬಿಡ್ತಾರಂತೆ. ಜನ ಹೆದರಿ, ಬೇನೆಯವರನ್ನ ರಜಾಯಿಗಳ ರಾಶಿಯ ಹಿಂದೆ ಬಚ್ಚಿಡೋಕೆ ಶುರು ಮಾಡಿದರು. ಬಚ್ಚಿಟ್ಟವರು ಅಲ್ಲೇ ಸತ್ತರು.

ಅಂಥ ದಿನದಲ್ಲಿ ಅವಳು ಕತ್ತೆಯ ಮೇಲೆ ಕೂತುಕೊಂಡು ಬಂದಳು. ಕೆಂಚು ಕೂದಲು, ಮುಖದ ತುಂಬ ಮಚ್ಚೆ, ಕಾಲಿಗೆ ಗಂಡಸರ ಬೂಟು, ಬಾಯಲ್ಲಿ ಸಿಗರೇಟು. ವಯಸ್ಸು ಮೂವತ್ತು ದಾಟಿರಲಿಲ್ಲ. ಹೆಸರು ಗ್ಲಫೀರಾ ಯೆಗೊರೊವ್ನಾ. ಅದನ್ನ ಹೇಳಿ ಮುಗಿಸೋ ಹೊತ್ತಿಗೆ ಚಹಾ ಆರಿಹೋಗುತ್ತೆ ಅಂತ ನಾವು ಡಾಕ್ಟರಮ್ಮ ಅಂತಲೇ ಕರೆದೆವು. ತಾಷ್ಕೆಂಟಿನಲ್ಲಿ ನಾಲ್ಕು ವರ್ಷ ನಮ್ಮ ಹೆಂಗಸರಿಗೇ ಮದ್ದು ಕೊಟ್ಟವಳಂತೆ, ನಮ್ಮ ಮಾತು ಪಟಪಟ ಆಡೋಳು. ಆದರೆ ದೊಡ್ಡವರು ಚಿಕ್ಕವರು ಅನ್ನೋದೇ ಇಲ್ಲ, ಎಲ್ಲರಿಗೂ "ನೀನು."

ಮಸೀದಿಯ ಮುಂದಿನ ಕೊಳದ ಹತ್ತಿರ ಕತ್ತೆ ನಿಲ್ಲಿಸಿ, ಹಿಪ್ಪುನೇರಳೆ ಮರದ ಕೆಳಗೆ ಕೂತ ಗಂಡಸರಿಗೆಲ್ಲ ಕೇಳಿಸೋ ಹಾಗೆ ಹೇಳಿದಳು.

"ಯಾರನ್ನೂ ಎಲ್ಲಿಗೂ ಕರ್ಕೊಂಡು ಹೋಗಲ್ಲ. ಮನೇಲೇ ನೋಡ್ತೀನಿ. ಇದು ನನ್ನ ಮಾತು. ಈಗ ಹೇಳಿ, ಯಾವ ಮನೆ?"

ಗಂಡಸರೆಲ್ಲ ತಮ್ಮ ಚಹಾ ಬಟ್ಟಲಿಗೆ ಮುಖ ಹಾಕಿದರು. ಅವಳ ಕಣ್ಣು ನನ್ನ ಮೇಲೆ ಬಿತ್ತು. "ಖಾಲಾ, ಇಲ್ಲಿನ ಸೂಲಗಿತ್ತಿ ನೀನೇ ಅಂತೆ. ನಿಂಗೊತ್ತಿರುತ್ತೆ. ನಡಿ."

ನನಗೆ ಮೈಯೆಲ್ಲ ಉರಿದುಹೋಯಿತು. ಬಂದು ಗಳಿಗೆಯಾಗಿಲ್ಲ, ನನ್ನ ಕೇರಿಯಲ್ಲಿ ನನಗೇ ದಾರಿ ತೋರಿಸು ಅಂತಾಳಲ್ಲ! ಇವಳ ಸೊಕ್ಕು ಮುರಿಯಬೇಕು ಅಂತ ಅಲ್ಲೇ ನಿರ್ಧಾರ ಮಾಡಿಕೊಂಡೆ. ಮಾಡಿಕೊಂಡೇ ಅವಳನ್ನ ಬಣ್ಣಗಾರನ ಹೆಂಡತಿ ಹನೀಫಾಳ ಮನೆಗೆ ಕರೆದುಕೊಂಡು ಹೋದೆ.

ಹನೀಫಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ಕಣ್ಣು ಒಳಗೆ ಹೋಗಿದ್ದವು. ಡಾಕ್ಟರಮ್ಮ ಮೊದಲು ಒಂದು ಸೂಜಿ ತೆಗೆದಳು. ಉಪ್ಪುನೀರನ್ನ ಚರ್ಮದ ಕೆಳಗೆ ಬಿಡ್ತೀನಿ ಅಂದಳು. ಮನೆಯ ಹೆಂಗಸರು ಹೋ ಅಂತ ಕಿರುಚಿಕೊಂಡರು. ಸರಿ ಅಂತ ಸೂಜಿ ಪೆಟ್ಟಿಗೆಗೆ ಹಾಕಿ, ಚೆನ್ನಾಗಿ ಕುದಿಸಿದ ನೀರಿಗೆ ಕಡು ಹಸಿರು ಚಹಾ, ಉಪ್ಪು, ಒಂದು ಚೂರು ಸಕ್ಕರೆ ಹಾಕಿ ಬಟ್ಟಲಿಗೆ ಬಗ್ಗಿಸಿದಳು. ಬಟ್ಟಲು ಹನೀಫಾಳ ಬಾಯಿಗೆ ಹೋಗೋದರೊಳಗೆ ನಾನು ಕೈ ಅಡ್ಡ ಹಾಕಿದೆ.

"ನಿಲ್ಲಮ್ಮ ತಾಯಿ. ನಮ್ಮಲ್ಲಿ ಚಹಾ ಬಗ್ಗಿಸಿದವರು ಮೊದಲ ಗುಟುಕು ತಾವು ಕುಡೀತಾರೆ. ಆಮೇಲೇ ಅತಿಥಿಗೆ."

"ಇದು ಚಹಾ ಅಲ್ಲ, ಮದ್ದು."

"ಚಹಾ ಹಾಕಿದ್ದು ನಾನೇ ಕಣ್ಣಾರೆ ನೋಡ್ದೆ. ಕುಡಿ ನೋಡೋಣ. ಯಾಕೆ, ಹೆದರಿಕೆನಾ?"

ಹಕೀಮರು ನಲವತ್ತು ವರ್ಷದಲ್ಲಿ ಒಂದು ಸಲವೂ ತಮ್ಮ ಮದ್ದು ತಾವು ಕುಡಿದವರಲ್ಲ, ನಾನು ಯಾವತ್ತೂ ಕೇಳಿದವಳೂ ಅಲ್ಲ. ಅವಳ ಮುಖ ಸಣ್ಣದಾಗೋದನ್ನ ನೋಡೋ ಚಪಲ, ಅಷ್ಟೇ. ಅವಳೋ, ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ನಕ್ಕು, ಅರ್ಧ ಬಟ್ಟಲು ಗಟಗಟ ಕುಡಿದುಬಿಟ್ಟಳು. "ಥೂ, ಉಪ್ಪು ಜಾಸ್ತಿಯಾಗಿದೆ" ಅಂದಳು. ಮಿಕ್ಕ ಅರ್ಧ ಹನೀಫಾ ಕುಡಿದಳು. ಚಮಚ ಚಮಚವಾಗಿ ಅವತ್ತು ಪೂರ್ತಿ ಕುಡಿದು, ಮಾರನೆಯ ದಿನ ಎದ್ದು ಕೂತು ಗಂಡನಿಗೆ ಬೈದಳು.

ಅಲ್ಲಿಗೆ ನನ್ನ ಕೊಂಕು ಮಾತು ಕೇರಿಯ ಕಾನೂನಾಯಿತು. ಡಾಕ್ಟರಮ್ಮ ಅರ್ಧ ಕುಡಿದರೆ ನಾವು ಅರ್ಧ ಕುಡೀತೀವಿ. ದಿನಕ್ಕೆ ಇಪ್ಪತ್ತು ಮನೆ, ಇಪ್ಪತ್ತು ಅರ್ಧ ಬಟ್ಟಲು, ಎಲ್ಲ ಉಪ್ಪು ಚಹಾ, ಆ ಸುಡುಬಿಸಿಲಿನಲ್ಲಿ! ಹತ್ತನೇ ಮನೆ ಮುಟ್ಟೋ ಹೊತ್ತಿಗೆ ಬಾಗಿಲಲ್ಲೇ ಕೇಳೋಳು, "ಬೇನೆಯವರು ಎಲ್ಲಿ ಅಂತ ಆಮೇಲೆ ಹೇಳಿ, ಮೊದಲು ನಿಮ್ಮ ಕಕ್ಕಸು ಎಲ್ಲಿದೆ ತೋರಿಸಿ." ಕೇರಿಯ ಯಾವ ಕಕ್ಕಸಿಗೆ ಬಾಗಿಲಿದೆ, ಯಾವುದಕ್ಕೆ ಬರೀ ಗೋಣಿ ಇದೆ ಅಂತ ಅವಳಷ್ಟು ತಿಳಿದವರು ಇನ್ನೊಬ್ಬರಿಲ್ಲ.

"ಎಲ್ಲ ನಿನ್ನಿಂದ ಖಾಲಾ" ಅನ್ನೋಳು ನನಗೆ. ಬೈಗುಳ ಅಲ್ಲ, ಸುಮ್ಮನೆ ನಗೋಳು. ಹಾಗೆ ನಗೋರ ಮೇಲೆ ಎಷ್ಟು ದಿನ ಅಂತ ಹೊಟ್ಟೆ ಉರಿದುಕೊಂಡಿರೋದು? ನಾಲ್ಕನೇ ದಿನಕ್ಕೆ ಅವಳ ಪೆಟ್ಟಿಗೆ ನನ್ನ ಕಂಕುಳಲ್ಲಿತ್ತು, ಅವಳ ಹಾಸಿಗೆ ನನ್ನ ಜಗಲಿಯಲ್ಲಿತ್ತು.

ಹಕೀಮರ ಕತೆ ಬೇರೆ. ಆ ಮಸೀದಿ ಕೊಳದ ನೀರು ಹೊಟ್ಟೆಗೆ ತಂಪು ಅಂತ ಮೂವತ್ತು ವರ್ಷದಿಂದ ಎಲ್ಲರಿಗೂ ಕುಡಿಸಿದವರು ಅವರೇ. ಅದೇ ಕೊಳದಲ್ಲಿ ಜನ ಕಾಲು ತೊಳೆಯೋರು, ಬಟ್ಟಲು ತೊಳೆಯೋರು, ನೀರು ಹೊರೋ ಭಿಸ್ತಿಗಳು ತೊಗಲಚೀಲ ಅದ್ದೋರು. ಬೇನೆ ಇರೋದೇ ಆ ನೀರಲ್ಲಿ ಅಂದಳು ಡಾಕ್ಟರಮ್ಮ. ಹಕೀಮರು ಒಪ್ಪದೆ ಕೊಳ ಮುಚ್ಚೋ ಹಾಗಿಲ್ಲ. ಅದಕ್ಕೆ ಒಂದು ಮಧ್ಯಾಹ್ನ, ಕಣ್ಣಿಗೆ ಕಾಣದ ಹುಳವನ್ನೂ ದೊಡ್ಡದು ಮಾಡಿ ತೋರಿಸೋ ಹಿತ್ತಾಳೆಯ ಕೊಳವೆ, ಗಾಜು, ಎಲ್ಲ ಹೊತ್ತುಕೊಂಡು ಅವರ ಮನೆಗೇ ನಡೆದಳು. ಕತ್ತೆಗೂ ಅವತ್ತು ಮೈ ಸರಿಯಿರಲಿಲ್ಲ. ನಾನು ಬಾಗಿಲ ಹಿಂದೆ ನಿಂತೆ.

"ಇದರಲ್ಲಿ ನೋಡು ಹಕೀಮ. ನಿನ್ನ ಕೊಳದ ಒಂದು ಹನಿ."

'ನೀನು' ಅನ್ನಿಸಿಕೊಂಡು ಹಕೀಮರ ಗಡ್ಡ ನಡುಗಿತು. ಆದರೂ ಬಗ್ಗಿ, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನ ಗಾಜಿಗೆ ಹಚ್ಚಿದರು. ಬಹಳ ಹೊತ್ತು ನೋಡಿದರು.

"ಕಂಡೆ! ಅಯ್ಯೋ ದೇವರೇ, ಕಂಡೆ! ಕರ್ರಗಿದೆ, ಬಾಗಿಕೊಂಡಿದೆ, ಅಲ್ಲಾಡ್ತಾ ಇದೆ!"

ಡಾಕ್ಟರಮ್ಮನಿಗೆ ಆದ ಖುಷಿ ಹೇಳತೀರದು. ಕೊಳವೆ ಎತ್ತಿಕೊಂಡು ಕುಣಿಯುತ್ತಲೇ ಹೋದಳು. ಅವಳು ಮರೆಯಾದ ಮೇಲೆ ಹಕೀಮರು ಬಾಗಿಲ ಕಡೆ ತಿರುಗಿ, ಹನ್ನೆರಡು ವರ್ಷದ ಮೇಲೆ ಮೊದಲ ಸಲ ನನ್ನ ಜೊತೆ ಬಾಯಿ ಬಿಟ್ಟರು.

"ಅದು ನನ್ನ ರೆಪ್ಪೆ ಕೂದಲು ಕಣೆ ತೋಜಿನಿಸಾ."

"ಮತ್ಯಾಕೆ ಕಂಡೆ ಕಂಡೆ ಅಂತ ಕೂಗಿದ್ರಿ ಬಾಬಾ?"

"ಈ ಬಿಸಿಲಲ್ಲಿ ಅದನ್ನೆಲ್ಲ ಹೊತ್ಕೊಂಡು ಬಂದಿದ್ದಾಳೆ. ಅವಳ ಕಾಲು ನೋಡಿದ್ಯಾ? ಊದಿಕೊಂಡು ಬೂಟಿಗೆ ಹಿಡಿಸ್ತಾ ಇಲ್ಲ. ನಾಡಿ ಹಿಡಿಯೋರ ಹತ್ರ ನಾಡಿ ಹಿಡಿಯೋರು ಯಾರು ಬರ್ತಾರೆ ಹೇಳು? ನಲವತ್ತು ವರ್ಷದಲ್ಲಿ ಇವಳೊಬ್ಬಳೇ ಬಂದಿದ್ದು." ಗಡ್ಡ ಬಾಚಿಕೊಂಡರು. "ಅದೂ ಅಲ್ದೆ, ಅವಳ ಮಾತು ಕೇಳಿದ ಮನೆಗಳಲ್ಲಿ ಜನ ಸಾಯ್ತಾ ಇಲ್ಲ. ಅದು ನನಗೂ ಕಾಣುತ್ತೆ. ಅದಕ್ಕೆ ಗಾಜು ಬೇಕಾಗಿಲ್ಲ."

ಅವತ್ತೇ ಸಂಜೆ ತಮ್ಮ ಮಂಚ ಹೊರಿಸಿಕೊಂಡು ಬಂದು ಕೊಳದ ದಂಡೆಯಲ್ಲಿ ಹಾಕಿಸಿದರು. ಕೈಯಲ್ಲಿ ದೊಣ್ಣೆ. ನೀರಿಗೆ ಬಂದ ಭಿಸ್ತಿಯ ತೊಗಲಚೀಲಕ್ಕೆ ಎರಡು ಬಾರಿಸಿದರು. ಗೂಡು ಬೇಯಿಸೋ ದೊಡ್ಡ ಹಂಡೆಗಳಲ್ಲಿ ಇಡೀ ಕೇರಿಗೆ ನೀರು ಕುದಿಯೋಕೆ ಶುರುವಾಯಿತು. ಹಂಡೆ ಎಷ್ಟು ಉಜ್ಜಿದರೂ ಸತ್ತ ರೇಷ್ಮೆಹುಳದ ವಾಸನೆ ಹೋಗುತ್ತಿರಲಿಲ್ಲ. ಚಹಾಕ್ಕೂ ಅದೇ ವಾಸನೆ, ಗಂಜಿಗೂ ಅದೇ. ಬೈದುಕೊಂಡೇ ಕುಡಿದೆವು.

ಜರ್ದಾಳು ಹಣ್ಣನ್ನೂ ತಿನ್ನಬಾರದು ಅಂದಿದ್ದಳು. ಅದು ಹಕೀಮರಿಗೆ ಎಲ್ಲಕ್ಕಿಂತ ಕಷ್ಟ. ಒಂದು ದಿನ ಮಂಚದ ಮೇಲೆ ಬೆನ್ನು ತಿರುಗಿಸಿ ಕೂತು, ಒಂದನ್ನ ಬಾಯಿಗೆ ಹಾಕಿಕೊಂಡರೋ ಇಲ್ಲವೋ, ಡಾಕ್ಟರಮ್ಮ ಹಿಂದೆ ಬಂದು ನಿಂತಿದ್ದಾಳೆ.

"ಉಗಿ."

"ಒಂದೇ ಒಂದು..."

"ಉಗಿ ಅಂದೆ!"

ಉಗಿದರು. "ನನ್ನ ಹೆಂಡ್ತಿ ಬದುಕಿದ್ದಾಗ ಕೂಡ ಹೀಗೆ ಗದರಿಸಿರ್ಲಿಲ್ಲ" ಅಂತ ನನ್ನ ಹತ್ತಿರ ದೂರು ಹೇಳಿದರು. ಆದರೆ ಹೇಳೋವಾಗ ಕಣ್ಣಲ್ಲಿ ನಗು ಇತ್ತು.

ನನಗೂ ಏಟು ಬೀಳುತ್ತಿತ್ತು. ನಮ್ಮಲ್ಲಿ ಬಟ್ಟಲಲ್ಲಿ ಚಹಾ ಬಿಟ್ಟರೆ ಮನೆಯವರಿಗೆ ಅವಮಾನ. ಯಾರು ಬಿಟ್ಟರೂ ಎತ್ತಿಕೊಂಡು ಖಾಲಿ ಮಾಡೋದು ನನಗೆ ಹುಟ್ಟಿದಾಗಿನ ಚಾಳಿ. ಬೇನೆಯವರ ಹತ್ತಿರ ಕೂತಾಗಲೂ ಕೈ ತಾನಾಗಿ ಬಟ್ಟಲ ಕಡೆ ಹೋಗೋದು. ಡಾಕ್ಟರಮ್ಮ ಚಮಚದಿಂದ ಟಪ್ ಅಂತ ಕೈ ಮೇಲೆ ಕೊಡೋಳು. "ಕುದಿಯೋ ನೀರಿಗೆ! ಬೇನೆಯವರ ತುಟಿ ಮುಟ್ಟಿದ ಬಟ್ಟಲು ಇನ್ಯಾರ ತುಟಿಗೂ ಹೋಗಬಾರ್ದು. ನೇರ ಕುದಿಯೋ ನೀರಿಗೆ. ಎಷ್ಟು ಸಲ ಹೇಳೋದು?" ದಿನಕ್ಕೆ ಹತ್ತು ಸಲ ಹೇಳೋಳು, ಹತ್ತು ಸಲ ಹೊಡೆಯೋಳು.

ಸಾವು ಕಮ್ಮಿಯಾಗುತ್ತಾ ಬಂತು. ಎಲ್ಲ ಸರಿಹೋಯಿತು ಅಂದುಕೊಂಡಿದ್ದೆ. ಅಷ್ಟರಲ್ಲಿ ರೋಬಿಯಾಳ ಮನೆಯಿಂದ ಕರೆ ಬಂತು.

ರೋಬಿಯಾಳ ಸೊಸೆ ಸಫುರಾ, ಹದಿನೇಳು ವರ್ಷದ ಹುಡುಗಿ, ಮದುವೆಯಾಗಿ ನಲವತ್ತು ದಿನವೂ ತುಂಬಿಲ್ಲ. ನಾವು ಹೋದಾಗ ಕೋಣೆಯಲ್ಲಿ ಹನ್ನೆರಡು ಜನ ಹೆಂಗಸರು, ನೆಂಟರು ಇಷ್ಟರು ಎಲ್ಲ. ಒಬ್ಬರ ಮುಖದಲ್ಲೂ ನಗೆಯಿಲ್ಲ. ಡಾಕ್ಟರಮ್ಮ ಎಂದಿನಂತೆ ಬಗ್ಗಿಸಿದಳು, ಎಂದಿನಂತೆ ಅರ್ಧ ಕುಡಿದಳು, ಹುಡುಗಿಗೆ ಕೊಟ್ಟಳು. ಹುಡುಗಿ ಒಂದು ಗುಟುಕು ಕುಡಿದಳೋ ಇಲ್ಲವೋ, ರೋಬಿಯಾ ಅವಳ ಬಾಯಿಂದ ಬಟ್ಟಲು ಕಿತ್ತುಕೊಂಡು ಡಾಕ್ಟರಮ್ಮನ ಮುಂದೆ ಹಿಡಿದಳು.

"ತಳ ಕುಡಿ."

"ಏನು?"

"ನೀನು ದಿನಾ ಮೇಲಿನ ಅರ್ಧ ಕುಡೀತೀಯ. ವಿಷ ಇರೋದು ತಳದಲ್ಲಿ. ಸಕ್ಕರೆ ತಳದಲ್ಲಿ ಕೂರಲ್ವಾ, ಹಾಗೆ. ಊರೆಲ್ಲ ಅದೇ ಮಾತು. ಇವತ್ತು ಬೆಳಿಗ್ಗೆ ಎರಡು ಮನೆ ಬಾಗಿಲು ನಿಂಗೆ ತೆಗೀಲಿಲ್ಲ, ಯಾಕೆ ಅಂದ್ಕೊಂಡೆ? ತಳ ಕುಡಿ. ಕುಡಿದ್ರೆ ನನ್ನ ಸೊಸೆ ಕುಡೀತಾಳೆ. ಇಲ್ದಿದ್ರೆ ಎದ್ದು ಹೋಗು."

ಆ ಬಟ್ಟಲಿನ ಅಂಚಿನಲ್ಲಿ ಹುಡುಗಿಯ ಜೊಲ್ಲು ಇನ್ನೂ ಹೊಳೆಯುತ್ತಿತ್ತು. ಡಾಕ್ಟರಮ್ಮ ಮೆತ್ತಗೆ ವಿವರಿಸಿದಳು. ಬೇರೆ ಬಟ್ಟಲು ಕೊಡು, ಅದರ ತಳ ಕುಡೀತೀನಿ ಅಂದಳು. "ನೋಡಿದ್ರಾ, ನೋಡಿದ್ರಾ" ಅಂತ ಹೆಂಗಸರು ಒಬ್ಬರಿಗೊಬ್ಬರು ಪಿಸುಗುಟ್ಟಿದರು. ಹುಡುಗಿಯ ಬೆರಳುಗಳು ಆಗಲೇ ನೀಲಿಯಾಗುತ್ತಿದ್ದವು.

ಡಾಕ್ಟರಮ್ಮ ನನ್ನ ಕಡೆ ನೋಡಿದಳು.

"ಕೊಡಿ ಇಲ್ಲಿ, ನಾನು ಕುಡೀತೀನಿ" ಅನ್ನಬಹುದಿತ್ತು ನಾನು. ಕೇರಿಯ ಸೂಲಗಿತ್ತಿ ಕುಡಿದರೆ ಅವರೆಲ್ಲ ಒಪ್ಪುತ್ತಿದ್ದರು. ದಿನಾ ಎಂಜಲು ಬಟ್ಟಲಿಗೆ ಚಾಚಿ ಚಾಚಿ ಏಟು ತಿಂದ ಈ ಕೈ ಅವತ್ತು ಮಡಿಲಲ್ಲೇ ಕೂತಿತ್ತು. ಹೆದರಿದ್ದೆ. ಅವಳೇ ಕಲಿಸಿದ್ದಳಲ್ಲ, ಆ ಬಟ್ಟಲಲ್ಲಿ ಏನಿದೆ ಅಂತ ಈಗ ನನಗೂ ಗೊತ್ತಿತ್ತು. ನಾನು ನೆಲ ನೋಡಿದೆ.

ಅವಳು ಬಟ್ಟಲು ತೆಗೆದುಕೊಂಡು, ತಳದವರೆಗೆ ಕುಡಿದು, ಎಲ್ಲರಿಗೂ ಕಾಣೋ ಹಾಗೆ ಬೋರಲು ಹಿಡಿದಳು. "ಉಪ್ಪು ಸರಿಯಾಗಿದೆ" ಅಂದಳು.

ಹೊರಗೆ ಬಂದ ಮೇಲೆ ನಾನು ಬೀದಿ ಅಂತಲೂ ನೋಡದೆ ಕೂಗಾಡಿದೆ. "ತಲೆ ಕೆಟ್ಟಿದೆಯಾ ನಿಂಗೆ? ಗೊತ್ತಿದ್ದೂ ಗೊತ್ತಿದ್ದೂ ಕುಡೀತಾರಾ ಯಾರಾದ್ರೂ?"

"ಹನ್ನೆರಡು ಹೆಂಗಸರು ನೋಡಿದ್ರು ಖಾಲಾ. ನಾಳೆ ಹನ್ನೆರಡು ಮನೆ ಬಾಗಿಲು ತೆಗೆಯುತ್ತೆ."

"ನಿಂಗೇನಾದ್ರೂ ಆದ್ರೆ?"

"ಕುಡಿದವರಿಗೆಲ್ಲ ತಗಲಲ್ಲ. ನನ್ನ ಹೊಟ್ಟೆ ಗಟ್ಟಿ. ಮೂರು ದಿನ ನೋಡೋಣ." ಸಿಗರೇಟು ಹಚ್ಚಿಕೊಂಡಳು. ಮೊದಲ ಎರಡು ಕಡ್ಡಿ ಮುರಿದವು. "ಹಕೀಮನಿಗೆ ಹೇಳ್ಬೇಡ. ಮುದುಕ ಅಳ್ತಾನೆ."

ಮಾರನೆಯ ದಿನ ನಿಜಕ್ಕೂ ಎಲ್ಲ ಬಾಗಿಲೂ ತೆಗೆದವು. ಸಫುರಾ ಚೇತರಿಸಿಕೊಂಡಳು. ನಾನು ಮಾತ್ರ ಡಾಕ್ಟರಮ್ಮನ ಮುಖವನ್ನೇ ಕಾಯುತ್ತಾ ತಿರುಗಿದೆ. ಕಕ್ಕಸು ಕೇಳಿದಾಗಲೆಲ್ಲ ನಾನೂ ಹಿಂದೆಯೇ ಹೋಗಿ ಹೊರಗೆ ಕಾಯುತ್ತಿದ್ದೆ. "ಉಪ್ಪು ಚಹಾ ಖಾಲಾ, ಬರೀ ಉಪ್ಪು ಚಹಾ" ಅಂತ ನಗೋಳು. ಎರಡು ದಿನ ಹಾಗೆ ಕಳೆಯಿತು.

ಮೂರನೇ ದಿನ ನಡುಮಧ್ಯಾಹ್ನ ಕೊಳದ ಹತ್ತಿರ ಬಿದ್ದಳು. ಹಕೀಮರು ತಮ್ಮ ಮಂಚದ ಮೇಲೆ ಮಲಗಿಸಿದರು. ಆಗ ಅವರಿಗೆ ಎಲ್ಲ ಹೇಳಿದೆ, ಬಟ್ಟಲಿನ ಕತೆ, ನನ್ನ ಕೈ ಮಡಿಲಲ್ಲಿ ಕೂತ ಕತೆ, ಮೊದಲ ದಿನ ಹೊಟ್ಟೆಕಿಚ್ಚಿಗೆ ಈ ಕಾನೂನು ಮಾಡಿದ್ದು ನಾನೇ ಅನ್ನೋದನ್ನೂ. ಬೈತಾರೆ ಅಂದುಕೊಂಡೆ. ಬೈಯಲಿಲ್ಲ. "ಅಳೋದು ಆಮೇಲೆ ಅತ್ಕೋ, ಈಗ ನೀರು ಕುದಿಸು" ಅಂದರು.

ಸುದ್ದಿ ಹೇಗೆ ಹೋಯಿತೋ, ರಷ್ಯಾದವರು ಕಟ್ಟಿಕೊಂಡಿದ್ದ ಹೊಸ ಮರ್ಗಿಲಾನಿನಿಂದ ಕುದುರೆಗಾಡಿ ಬಂತು. ಇಬ್ಬರು ರಷ್ಯಾದವರು, ಒಳ್ಳೆಯ ಜನವೇ ಪಾಪ, ದಂಡಿನ ಆಸ್ಪತ್ರೆಗೆ ಸೇರಿಸ್ತೀವಿ ಅಂದರು. ಆ ಹಳ್ಳಕೊಳ್ಳದ ದಾರಿಯಲ್ಲಿ ಅಷ್ಟು ದೂರ ಕುಲುಕಿಸಿದರೆ ಅವಳು ಅರ್ಧ ದಾರಿಗೇ ಮುಗಿದುಹೋಗ್ತಾಳೆ ಅನ್ನೋದು ನನಗೂ ಗೊತ್ತು, ಹಕೀಮರಿಗೂ ಗೊತ್ತು. ಹಕೀಮರು ದೊಣ್ಣೆಯನ್ನ ಮಂಚಕ್ಕೆ ಒರಗಿಸಿಟ್ಟರು. ನಿಧಾನಕ್ಕೆ ನಡೆದು ಹೋಗಿ, ರುಮಾಲು ತೆಗೆದು ತಲೆಯ ಕೆಳಗಿಟ್ಟುಕೊಂಡು, ಗಾಡಿಯ ಚಕ್ರದ ಮುಂದೆ ಧೂಳಿನಲ್ಲಿ ಮಲಗಿಬಿಟ್ಟರು. ಗಡ್ಡ ಮಾತ್ರ ಧೂಳಾಗದ ಹಾಗೆ ಎದೆಯ ಮೇಲೆ ಜೋಡಿಸಿಕೊಂಡರು.

"ಏಳಿ ಬಾಬಾ, ಏನಿದು?" ಅಂದ ಗಾಡಿಯವನು.

"ನನಗೆ ನಿದ್ದೆ ಬಂದಿದೆ" ಅಂದರು.

ಅಷ್ಟರಲ್ಲಿ ರೋಬಿಯಾ ಬಂದಳು. ಅದೇ ರೋಬಿಯಾ! ಬುರ್ಖಾ ಮೊಣಕಾಲಿಗೆ ಎತ್ತಿಕಟ್ಟಿಕೊಂಡು ಓಡಿ ಬಂದು, ಆ ಇಬ್ಬರು ಗಂಡಸರಿಗೆ ಬಾಯಿಗೆ ಬಂದಂತೆ ಶುರು ಮಾಡಿದಳು. "ಯಾರನ್ನೂ ಎಲ್ಲಿಗೂ ಕರ್ಕೊಂಡು ಹೋಗಲ್ಲ ಅಂತ ಅವಳು ಮಾತು ಕೊಟ್ಟಿದ್ದಾಳೆ! ಅವಳೂ ಈ ಕೇರಿಯಲ್ಲೇ ಬೇನೆ ಬಿದ್ದವಳು. ಅವಳಿಗೂ ಅದೇ ಮಾತು! ಗಾಡಿ ತಿರುಗ್ಸಿ!" ಹಿಂದೆ ನಲವತ್ತು ಐವತ್ತು ಹೆಂಗಸರು ಬಂದು ನಿಂತಿದ್ದರು. ಆ ಇಬ್ಬರೂ ಮುಖ ಮುಖ ನೋಡಿಕೊಂಡು, ಒಂದು ಚೀಲ ಸಕ್ಕರೆ ಇಳಿಸಿ ಹೋದರು.

ನನ್ನ ಮನೆಯ ದ್ರಾಕ್ಷಿ ಚಪ್ಪರದ ಕೆಳಗೆ ಮಲಗಿಸಿದೆವು. ಒಂದೇ ದಿನಕ್ಕೆ ಅವಳ ಮುಖ ಗುರುತು ಸಿಗದ ಹಾಗಾಯಿತು. ಮಚ್ಚೆಗಳು ಮಾತ್ರ ಉಳಿದಿದ್ದವು. ಕುಡಿದಿದ್ದೆಲ್ಲ ಆಚೆ. ಬಟ್ಟಲು ಹಿಡಿದರೆ ತುಟಿ ಬಿಗಿ ಹಿಡಿದಳು.

"ಕುಡಿಯೇ, ನನ್ನ ತಾಯಿ" ಅಂದೆ.

ಗಂಟಲಿಂದ ಸ್ವರ ಬರಲಿಲ್ಲ, ಬರೀ ಉಸಿರು. "ಮೊದಲು ನೀನು."

ಆ ಸ್ಥಿತಿಯಲ್ಲೂ ತಮಾಷೆ ಅವಳಿಗೆ! ನಾನು ಅರ್ಧ ಕುಡಿದೆ, ಅವಳು ಒಂದು ಚಮಚ ಕುಡಿದಳು. ಹೊಸ ಬಟ್ಟಲು, ಮತ್ತೆ ಅರ್ಧ ನಾನು, ಮತ್ತೆ ಒಂದು ಚಮಚ ಅವಳು. ಅವತ್ತು ನಾನು ಎಷ್ಟು ಸಲ ಹಿತ್ತಲಿಗೆ ಓಡಿದೆ ಅಂತ ಕೇಳಬೇಡಿ. ಅವಳು ಇಷ್ಟು ದಿನ ಹೇಗೆ ತಡೆದುಕೊಂಡಳು ಅನ್ನೋದು ಆಗ ಅರ್ಥವಾಯಿತು.

ಬೇನೆಯ ಎರಡನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಬೀದಿಯ ತುಂಬ ಹೆಂಗಸರು. ಪ್ರತಿಯೊಬ್ಬಳ ಕೈಯಲ್ಲೂ ತನ್ನ ತನ್ನ ಮನೆಯ ಬಟ್ಟಲು, ಅದರಲ್ಲಿ ಉಪ್ಪು ಚಹಾ. ಹನೀಫಾ ಇದ್ದಳು, ರೋಬಿಯಾ ಇದ್ದಳು, ಅತ್ತೆಯ ತೋಳು ಹಿಡಿದುಕೊಂಡು ಸಫುರಾ ಕೂಡ ಬಂದಿದ್ದಳು. "ನೀನು ಒಬ್ಬಳೇ ಎಷ್ಟು ಅಂತ ಕುಡೀತೀಯ ಆಪಾ, ಸರದಿ ಮಾಡ್ಕೊಳ್ಳೋಣ" ಅಂದಳು ಹನೀಫಾ. ಒಬ್ಬೊಬ್ಬಳೂ ಡಾಕ್ಟರಮ್ಮನ ಕಣ್ಣೆದುರಿಗೆ ಅರ್ಧ ಕುಡಿದು, ಮಿಕ್ಕಿದ್ದನ್ನ ನನ್ನ ಕೈಗೆ ಕೊಟ್ಟಳು. ಒಬ್ಬಳು ಉಪ್ಪು ಹಿಡಿ ಹಿಡಿ ಸುರಿದಿದ್ದಳು. ಇನ್ನೊಬ್ಬಳು ಪ್ರೀತಿ ಹೆಚ್ಚಾಗಿ ಬೆಣ್ಣೆ ಹಾಕಿ ತಂದಿದ್ದಳು, ಅದನ್ನ ವಾಪಸ್ ಕಳಿಸಬೇಕಾಯಿತು.

ಮಧ್ಯಾಹ್ನ ಹಕೀಮರು ಅವಳ ಮಣಿಕಟ್ಟು ಹಿಡಿದು ಕೂತರು. ಜೀವಮಾನದಲ್ಲೇ ಮೊದಲ ಸಲ ಪರದೆಯಿಲ್ಲದೆ ಹೆಂಗಸಿನ ನಾಡಿ ಹಿಡಿದಿದ್ದರು. ಬಹಳ ಹೊತ್ತು ಹಿಡಿದರು. ಆಮೇಲೆ ಎದ್ದು ಜಗಲಿಗೆ ಹೋಗಿ ಗೋಡೆಯ ಕಡೆ ತಿರುಗಿ ಕೂತುಬಿಟ್ಟರು. ಅವರ ಹೆಗಲು ಅಲ್ಲಾಡೋದು ನನಗೆ ಕಾಣುತ್ತಿತ್ತು.

ನಾನು ಬಟ್ಟಲು ಎತ್ತಿ ಅವಳ ತುಟಿಗೆ ಹಿಡಿದೆ. ಎರಡು ಹನಿ ಒಳಗೆ ಹೋಯಿತು. ಆಮೇಲೆ ತಲೆ ಪಕ್ಕಕ್ಕೆ ವಾಲಿತು, ಕಣ್ಣು ಅರ್ಧ ಮುಚ್ಚಿದವು. ಕೈ ತಣ್ಣಗಿತ್ತು. ಬಾಗಿಲಲ್ಲಿದ್ದ ಹೆಂಗಸರು ತಮ್ಮ ಬಟ್ಟಲು ಕೆಳಗಿಟ್ಟರು. ಮುಗಿಯಿತು ಅಂದುಕೊಂಡೆ.

"ಅವತ್ತು ನಾನು ಕುಡೀಬೇಕಾಗಿತ್ತು ಕಣೆ" ಅಂದೆ ಅವಳ ಕಿವಿಯ ಹತ್ತಿರ. "ನನ್ನಿಂದ ಆಯ್ತು. ಕ್ಷಮಿಸಿಬಿಡು."

ಬಟ್ಟಲ ತಳದಲ್ಲಿ ಅವಳು ಬಿಟ್ಟ ಚಹಾ ಉಳಿದಿತ್ತು. ಚಾಳಿಯಿಂದ ಎತ್ತಲಿಲ್ಲ ನಾನು, ಬುದ್ಧಿ ಸ್ಥಿಮಿತದಲ್ಲಿಟ್ಟುಕೊಂಡೇ ಎತ್ತಿದೆ. ರೋಬಿಯಾಳ ಮನೆಯಲ್ಲಿ ನಾನು ಕುಡಿಯದೆ ಬಿಟ್ಟ ತಳ ಇದು, ಇವಳನ್ನ ಒಬ್ಬಳನ್ನೇ ಕಳಿಸೋದು ಬೇಡ ಅನ್ನಿಸಿತು. ಬಟ್ಟಲು ತುಟಿಗೆ ಮುಟ್ಟಿಸಬೇಕು, ಅಷ್ಟರಲ್ಲಿ ನನ್ನ ಕೈ ಮೇಲೆ ಏಟು ಬಿತ್ತು.

ಏಟು ಅನ್ನೋಕೆ ಅದರಲ್ಲಿ ಏನೂ ಇರಲಿಲ್ಲ, ಎಲೆ ಬಿದ್ದ ಹಾಗೆ. ಆದರೆ ನಾನು ಬೆಚ್ಚಿದ್ದಕ್ಕೆ ಬಟ್ಟಲು ಕೈಜಾರಿ ಇಟ್ಟಿಗೆ ನೆಲದ ಮೇಲೆ ಬಿದ್ದು ಎರಡು ಹೋಳಾಯಿತು. ಡಾಕ್ಟರಮ್ಮ ಕಣ್ಣು ಬಿಟ್ಟು ನನ್ನನ್ನ ಕೆಕ್ಕರಿಸಿ ನೋಡುತ್ತಿದ್ದಳು.

"ಕುದಿಯೋ ನೀರಿಗೆ" ಅಂದಳು. ಸ್ವರ ಕೀರಲಾಗಿತ್ತು, ಆದರೂ ಸ್ವರವೇ, ಉಸಿರಲ್ಲ. "ಎಷ್ಟು ಸಲ ಹೇಳೋದು ನಿಂಗೆ? ಕತ್ತೆ!"

ನನಗೆ ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ, ಎರಡೂ ಒಟ್ಟಿಗೇ ಬಂತು. ಬಟ್ಟಲು ಒಡೆದ ಸದ್ದು ಕೇಳಿ ಜಗಲಿಯಿಂದ ಹಕೀಮರು ಕೂಗಿದರು.

"ಏನಾಯ್ತು ತೋಜಿನಿಸಾ? ಹೋದ್ಲಾ?"

"ಬೈತಾ ಇದ್ದಾಳೆ ಬಾಬಾ!"

"ಏನಂತ ಬೈತಾ ಇದ್ದಾಳೆ?"

"ಕತ್ತೆ ಅಂತ!"

"ಅಲ್‌ಹಮ್ದುಲಿಲ್ಲಾ" ಅಂದರು ಹಕೀಮರು, ಜೋರಾಗಿ, ಇಡೀ ಕೇರಿಗೆ ಕೇಳಿಸೋ ಹಾಗೆ.

"ಇನ್ನೊಂದು ಸಲ ಬೈ" ಅಂದೆ ನಾನು. ಬೈದಳು. ಆಮೇಲೆ, ಬಾಯಾರಿಕೆ ಆಗ್ತಿದೆ ಅಂದಳು. ನಾನು ಹೋಳುಗಳನ್ನ ಎತ್ತಿ ಕುದಿಯೋ ನೀರಿಗೇ ಹಾಕಿ, ಕೈ ತೊಳೆದುಕೊಂಡು, ಹೊಸ ಬಟ್ಟಲಿಗೆ ಚಹಾ ಬಗ್ಗಿಸಿ, ಮೊದಲ ಗುಟುಕು ಕುಡಿದು ಅವಳಿಗೆ ಕೊಟ್ಟೆ.